ಒಂದು ಲ್ಯಾಪ್‌ಟಾಪ್, ಎರಡು ಸಿಸ್ಟಮ್: ಫಾರ್ಮ್ಯಾಟ್ ಮಾಡಿಸುವ ಮೊದಲು

(ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತಿನ ಬರಹ)



ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಹಾವೇರಿ ಜಿಲ್ಲೆಯವನು, ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವನು. ಇಲ್ಲಿ ದುಬೈಯಲ್ಲಿ ಹಗಲೆಲ್ಲಾ ಕೇಬಲ್ ಟ್ರೇ, ಪ್ಯಾನಲ್, ಡಿಬಿ ಇವೇ ನನ್ನ ಕೆಲಸ. ಆದರೆ ಕ್ಯಾಂಪಿನಲ್ಲಿ ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ "ಕರೆಂಟಿನವನಿಗೆ ಇದೂ ಗೊತ್ತಿರ್ತದೆ" ಅಂತ ನನ್ನ ಮಂಚದ ಮೇಲೆ ತಂದಿಟ್ಟು ಹೋಗ್ತಾರೆ. ನಾಲ್ಕೈದು ವರ್ಷದಿಂದ ಹೀಗೆ ರಜೆ ದಿನ ಕೂತು ನೋಡಿ ನೋಡಿ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳ್ತೀನಿ. ಪುಸ್ತಕದ ಮಾತು ಕಡಿಮೆ, ಟೆಸ್ಟರ್ ಹಿಡಿದವನ ಮಾತು ಜಾಸ್ತಿ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಟ್ಟುಕೊಂಡು, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಈಗ ನಮ್ಮವರಲ್ಲಿ ಇದು ಜಾಸ್ತಿ ಆಗ್ತಾ ಇದೆ. ಕಾರಣ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಚಿಪ್ ಬೇಕು, ಇಂಟೆಲ್ ಮಷಿನ್ ಆದರೆ ಬಹುಮಟ್ಟಿಗೆ ಎಂಟನೇ ಜನರೇಷನ್ ಅಥವಾ ಅದರ ನಂತರದ್ದು ಬೇಕು. ನಾವು ತಗೊಂಡಿರೋದು ಸೆಕೆಂಡ್ ಹ್ಯಾಂಡ್, ಐದನೇದೋ ಆರನೇದೋ ಜನರೇಷನ್. ಮಷಿನ್ ಗಟ್ಟಿಮುಟ್ಟಾಗಿದೆ, ಬಿಸಾಕೋಕೆ ಮನಸ್ಸಿಲ್ಲ. ಹಾಗಾಗಿ ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕ್ತಾರೆ. ಆದರೆ ವಿಂಡೋಸ್ ಪೂರ್ತಿ ತೆಗೆಯೋಕೂ ಆಗಲ್ಲ. ಒಬ್ಬರಿಗೆ ಡ್ರಾಯಿಂಗ್ ಸಾಫ್ಟ್‌ವೇರ್ ವಿಂಡೋಸಿನಲ್ಲೇ ಓಡೋದು, ಇನ್ನೊಬ್ಬರ ಹಳೇ ಕನ್ನಡ ಫೈಲ್‌ಗಳೆಲ್ಲಾ ನುಡಿಯಲ್ಲಿ ಟೈಪ್ ಮಾಡಿದ್ದು. ಅದಕ್ಕೇ ಎರಡೂ ಇರಲಿ ಅನ್ನೋದು.

ಎರಡೂ ಇದ್ದಾಗ ಒಂದಲ್ಲ ಒಂದು ದಿನ ತೊಂದರೆ ಬರುತ್ತದೆ. ತೊಂದರೆ ಬಂದ ದಿನ ನಮ್ಮವರು ಮಾಡೋದೇನು? ಅಂಗಡಿಗೆ ಒಯ್ಯೋದು. ಅಂಗಡಿಯವನು ಸ್ಕ್ರೀನ್ ನೋಡಿ "ಫಾರ್ಮ್ಯಾಟ್" ಅಂತಾನೆ. ಇವರು ತಲೆ ಆಡಿಸ್ತಾರೆ. ಅಲ್ಲಿಗೆ ಆರೇಳು ವರ್ಷದ ಫೋಟೋ, ಮಗಳ ಮದುವೆ ವಿಡಿಯೋ, ಊರಿನ ಜಮೀನಿನ ಕಾಗದದ ಸ್ಕ್ಯಾನ್, ಎಲ್ಲಾ ಹೋಯ್ತು.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಲ್ಯಾಪ್‌ಟಾಪ್ ಶುರು ಆಗ್ತಿಲ್ಲ ಅಂದ್ರೆ ಫೈಲ್ ಹೋಗಿದೆ ಅಂತ ಅರ್ಥ ಅಲ್ಲ. ಹೆಚ್ಚಿನ ಸಲ ಹೋಗಿರೋದು ಅಲ್ಲಿಗೆ ಮುಟ್ಟೋ ದಾರಿ. ಬಲ್ಬ್ ಹತ್ತಲಿಲ್ಲ ಅಂತ ಮನೆ ಕೆಡವಿ ಕಟ್ಟೋರು ಯಾರಾದರೂ ಇದ್ದಾರಾ? ಮೊದಲು ಬಲ್ಬ್ ನೋಡ್ತೀವಿ, ಸ್ವಿಚ್ ನೋಡ್ತೀವಿ, ಎಂಸಿಬಿ ನೋಡ್ತೀವಿ, ಸಪ್ಲೈ ಬರ್ತಿದೆಯಾ ನೋಡ್ತೀವಿ. ಇಲ್ಲಿಯೂ ಅದೇ ಕ್ರಮ.

ಚೇಂಜ್ ಓವರ್ ಸ್ವಿಚ್ಚಿನ ಲೆಕ್ಕ

ನಮ್ಮ ಕಡೆ ಕಲ್ಯಾಣ ಮಂಟಪದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಚೇಂಜ್ ಓವರ್ ಸ್ವಿಚ್ ನೋಡಿರ್ತೀರಿ. ಮೇಲಕ್ಕೆ ಎತ್ತಿದರೆ ಲೈನ್ ಕರೆಂಟು, ಕೆಳಕ್ಕೆ ಇಳಿಸಿದರೆ ಜನರೇಟರ್. ಎರಡೂ ಒಟ್ಟಿಗೆ ಕೊಡೋಕೆ ಆಗಲ್ಲ, ಕೊಡಲೂಬಾರದು. ಡ್ಯುಯಲ್ ಬೂಟ್ ಅಂದ್ರೆ ಅದೇ. ಒಂದು ಹೊತ್ತಿಗೆ ಒಂದೇ ಸಿಸ್ಟಮ್.

ಪವರ್ ಬಟನ್ ಒತ್ತಿದ ಮೇಲೆ ಒಳಗೆ ಏನೇನು ಆಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಹೇಳ್ತೀನಿ.

ಮೊದಲನೆಯದು ಮದರ್‌ಬೋರ್ಡಿನಲ್ಲೇ ಇರುವ ಯುಇಎಫ್‌ಐ. ನಾವು ಈಗಲೂ ಬಯೋಸ್ ಅಂತಲೇ ಕರೀತೇವೆ, ಕರೀರಿ, ಅಡ್ಡಿಯಿಲ್ಲ. ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಡಿಬಿ ಬಾಗಿಲಿನ ಒಳಗೆ ಯಾವ ಎಂಸಿಬಿ ಯಾವ ರೂಮಿಗೆ ಅಂತ ಚಾರ್ಟ್ ಅಂಟಿಸಿರ್ತೀವಲ್ಲ, ಹಾಗೆ. "ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಒಂದು ಹೆಸರು, "ಉಬುಂಟು" ಅಂತ ಒಂದು ಹೆಸರು. ಯಾವುದು ಮೇಲಿದೆಯೋ ಅದನ್ನು ಮೊದಲು ಕರೆಯುತ್ತದೆ. ಲಿನಕ್ಸ್ ಮಿಂಟ್ ಹಾಕಿದ್ದರೂ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಉಬುಂಟು ಅಂತಲೇ ಬರುತ್ತದೆ, ಗಾಬರಿ ಬೇಡ.

ಎರಡನೆಯದು ಡಿಸ್ಕಿನಲ್ಲಿರುವ ಒಂದು ಚಿಕ್ಕ ಪಾರ್ಟಿಷನ್. ಇಎಫ್‌ಐ ಪಾರ್ಟಿಷನ್ ಅಂತಾರೆ. ವಿಂಡೋಸ್ ತಾನೇ ಮಾಡಿದರೆ ಸಾಮಾನ್ಯವಾಗಿ 100 ಎಂಬಿ ಇರುತ್ತದೆ, ಅಷ್ಟೇ. ಎರಡೂ ಸಿಸ್ಟಮ್‌ಗಳನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂಗಳು ಇಲ್ಲಿ ಅಕ್ಕಪಕ್ಕ ಇರುತ್ತವೆ. ಇದು ನಮ್ಮ ಡಿಬಿ ಬಾಕ್ಸ್.

ಮೂರನೆಯದು ಗ್ರಬ್. ಲಿನಕ್ಸ್ ಜೊತೆ ಬರುವ ಪ್ರೋಗ್ರಾಂ. ಕಪ್ಪು ಸ್ಕ್ರೀನಿನಲ್ಲಿ "ಉಬುಂಟು ಬೇಕಾ, ವಿಂಡೋಸ್ ಬೇಕಾ" ಅಂತ ಪಟ್ಟಿ ತೋರಿಸೋದು ಇದೇ. ನಮ್ಮ ಚೇಂಜ್ ಓವರ್ ಸ್ವಿಚ್.

ನಾಲ್ಕನೆಯದು ವಿಂಡೋಸ್ ಅಥವಾ ಲಿನಕ್ಸ್ ಇರುವ ದೊಡ್ಡ ಪಾರ್ಟಿಷನ್. ಐದನೆಯದು ನಿಮ್ಮ ಫೈಲ್, ಫೋಟೋ, ವಿಡಿಯೋ.

ಈಗ ಗಮನ ಕೊಡಿ. ಮೊದಲ ಮೂರು ಮೆಟ್ಟಿಲಿನಲ್ಲಿ ಎಲ್ಲಿ ಮುರಿದರೂ ಸ್ಕ್ರೀನ್ ಕಪ್ಪಾಗುತ್ತದೆ. ಆದರೆ ಐದನೇ ಮೆಟ್ಟಿಲಿಗೆ ಏನೂ ಆಗಿರೋದಿಲ್ಲ. ಫಾರ್ಮ್ಯಾಟ್ ಮಾಡಿದರೆ ಮಾತ್ರ ನೇರವಾಗಿ ನಾಲ್ಕು, ಐದಕ್ಕೇ ಕೈ ಹಾಕಿದ ಹಾಗೆ.

ಗದಗದ ಅಣ್ಣನ ಲ್ಯಾಪ್‌ಟಾಪ್

ನಮ್ಮ ಬ್ಲಾಕಿನಲ್ಲಿ ಗದಗ ಕಡೆಯ ಪ್ಲಂಬರ್ ಅಣ್ಣ ಒಬ್ಬರಿದ್ದಾರೆ. ಹದಿನಾಲ್ಕು ವರ್ಷದಿಂದ ಇಲ್ಲಿದ್ದಾರೆ. ಅವರ ಲ್ಯಾಪ್‌ಟಾಪಿನಲ್ಲಿ ಎರಡೂ ಸಿಸ್ಟಮ್ ಇದ್ದವು. ಮಗಳ ಮದುವೆ ವಿಡಿಯೋ ಹಾಕಿಕೊಳ್ಳೋಕೆ ಜಾಗ ಸಾಲಲಿಲ್ಲ ಅಂತ, ವಿಂಡೋಸ್ ಒಳಗಿನಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದರು. ಆವತ್ತು ಏನೂ ಆಗಲಿಲ್ಲ. ಮಾರನೇ ದಿನ ಆನ್ ಮಾಡಿದರೆ ಕಪ್ಪು ಸ್ಕ್ರೀನು, ಇಂಗ್ಲಿಷಿನಲ್ಲಿ ಒಂದೆರಡು ಸಾಲು, ಕೊನೆಗೆ "ಗ್ರಬ್ ರೆಸ್ಕ್ಯೂ" ಅಂತ ಬರೆದು ಮಿಣುಕುತ್ತಾ ಇದೆ. ಒಂದು ಅಂಗಡಿಗೆ ಒಯ್ದರು. "ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು, ಹಳೇದು ಏನೂ ಸಿಗಲ್ಲ" ಅಂದರಂತೆ.

ನನ್ನ ಹತ್ತಿರ ಬಂದಾಗ ಅವರ ಮುಖ ನೋಡೋಕೆ ಆಗ್ತಿರಲಿಲ್ಲ. "ತಮ್ಮಾ, ಮದುವಿಗೆ ರಜಾ ಸಿಗಲಿಲ್ಲ, ನಾ ಹೋಗಾಕ ಆಗಲಿಲ್ಲ. ಆ ವಿಡಿಯೋ ಒಂದ ಇತ್ತು ನೋಡು," ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣಾ, ಇದು ಕೆಡೋಕಿಂತ ಮುಂಚೆ ಕಡೇದಾಗಿ ಏನ್ ಮಾಡಿದ್ರಿ?"

ಪಾರ್ಟಿಷನ್ ಅಳಿಸಿದ ವಿಷಯ ಹೇಳಿದ ಕೂಡಲೇ ಅರ್ಧ ಕೆಲಸ ಮುಗೀತು. ಗ್ರಬ್ಬಿನ ಮೊದಲ ತುಣುಕು ಇಎಫ್‌ಐ ಪಾರ್ಟಿಷನ್ನಿನಲ್ಲಿ ಇರುತ್ತದೆ, ಆದರೆ ಅದರ ಮೆನು, ಉಳಿದ ಭಾಗ ಎಲ್ಲಾ ಲಿನಕ್ಸ್ ಪಾರ್ಟಿಷನ್ನಿನಲ್ಲಿ ಇರುತ್ತದೆ. ಆ ಪಾರ್ಟಿಷನ್ನೇ ಹೋದ ಮೇಲೆ ಗ್ರಬ್ ದಾರಿ ಕಾಣದೆ ನಿಂತುಬಿಟ್ಟಿದೆ. ಚೇಂಜ್ ಓವರ್ ಸ್ವಿಚ್ ತೆಗೆದಿಲ್ಲ, ಅದರ ವೈರ್ ಕಿತ್ತಿದೆ. ವಿಂಡೋಸಿನ ಲೈನ್ ಹಾಗೇ ಜೀವಂತ ಇದೆ.

ಆಫ್ ಮಾಡಿ, ಆನ್ ಮಾಡುವಾಗ ಎಫ್ 12 ಒತ್ತುತ್ತಾ ಹೋದೆ. ಬೂಟ್ ಮೆನು ಬಂತು. ಅದರಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಆರಿಸಿ ಎಂಟರ್ ಒತ್ತಿದೆ. ಒಂದು ನಿಮಿಷದಲ್ಲಿ ವಿಂಡೋಸ್ ಬಂತು. ಡಿ ಡ್ರೈವಿನಲ್ಲಿ ಮದುವೆ ವಿಡಿಯೋ ಇದ್ದ ಜಾಗದಲ್ಲೇ ಇತ್ತು. ಅಣ್ಣ ಅದನ್ನು ಹಾಕಿ, ಮಗಳು ಅಕ್ಷತೆಗೆ ತಲೆ ಬಗ್ಗಿಸೋ ತನಕ ನೋಡಿ, ಲ್ಯಾಪ್‌ಟಾಪ್ ಮುಚ್ಚಿದರು. ಏನೂ ಮಾತಾಡಲಿಲ್ಲ.

ಆಮೇಲೆ ಬಯೋಸಿಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸನ್ನು ಮೇಲಕ್ಕೆ ತಂದಿಟ್ಟೆ. ಹೊಸ ಡಿಸ್ಕ್ ಬೇಕಾಗಲಿಲ್ಲ. ಸ್ಕ್ರೂಡ್ರೈವರ್ ಕೂಡ ತೆಗೀಲಿಲ್ಲ.

ಬೂಟ್ ಮೆನುವಿನ ಕೀ ಕಂಪನಿಗೊಂದು ಥರ ಇರುತ್ತದೆ. ಡೆಲ್, ಲೆನೊವೊ, ಏಸರ್ ಬಹುತೇಕ ಎಫ್ 12. ಎಚ್‌ಪಿ ಆದರೆ ಎಫ್ 9 ಅಥವಾ ಮೊದಲು ಎಸ್ಕೇಪ್. ಏಸಸ್ ಆದರೆ ಎಸ್ಕೇಪ್. ಕೆಲವು ಏಸರ್‌ಗಳಲ್ಲಿ ಎಫ್ 12 ಮೆನುವನ್ನು ಬಯೋಸಿನಲ್ಲಿ ಮೊದಲು ಚಾಲೂ ಮಾಡಿರಬೇಕು. ನಿಮ್ಮ ಮಷಿನ್ನಿನದು ಯಾವುದು ಅಂತ ಈಗಲೇ ನೋಡಿ ಲ್ಯಾಪ್‌ಟಾಪಿನ ಅಡಿಗೆ ಒಂದು ಚೀಟಿ ಅಂಟಿಸಿಡಿ. ಬಹಳ ಹಳೇ ಮಷಿನ್, ಯುಇಎಫ್‌ಐ ಇಲ್ಲದ್ದು ಆದರೆ ಈ ಮೆನುವಿನಲ್ಲಿ ವಿಂಡೋಸ್ ಹೆಸರು ಬರೋದಿಲ್ಲ, ಬರೀ ಡಿಸ್ಕಿನ ಹೆಸರು ಬರುತ್ತದೆ. ಅಂಥದ್ದಕ್ಕೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ಹಾಕಿ, "ರಿಪೇರ್" ಒಳಗೆ ಹೋಗಿ ಡಿಸ್ಕಿನ ಮೊದಲ ಸೆಕ್ಟರ್ ಸರಿಮಾಡಬೇಕು. ಅಲ್ಲಿಯೂ ಫೈಲ್ ಮುಟ್ಟುವ ಅಗತ್ಯ ಇಲ್ಲ.

ನಮ್ಮ ಟೆಸ್ಟ್ ಲ್ಯಾಂಪ್

ಬೂಟ್ ಮೆನುವಿನಿಂದಲೂ ಏನೂ ಬರಲಿಲ್ಲ ಅಂದರೆ ಎರಡನೇ ಉಪಾಯ. 8 ಜಿಬಿ ಪೆನ್ ಡ್ರೈವ್ ಒಂದು ತಗೊಂಡು, ಬೇರೆಯವರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟಿನ ಫೈಲ್ ಇಳಿಸಿ, ರೂಫಸ್ ಅನ್ನುವ ಪುಕ್ಕಟೆ ಪ್ರೋಗ್ರಾಮಿನಿಂದ ಅದರ ಮೇಲೆ ಬರೀಬೇಕು. ಪೆನ್ ಡ್ರೈವಿನಲ್ಲಿ ಮೊದಲು ಇದ್ದದ್ದು ಅಳಿಸಿಹೋಗುತ್ತದೆ, ಖಾಲಿ ಇರೋದನ್ನೇ ತಗೊಳ್ಳಿ. ಆ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಶುರು ಮಾಡಿದರೆ ಲಿನಕ್ಸ್ ಪೆನ್ ಡ್ರೈವಿನಿಂದಲೇ ಓಡುತ್ತದೆ. ನಾವಾಗಿ ಇನ್‌ಸ್ಟಾಲ್ ಒತ್ತುವ ತನಕ ಡಿಸ್ಕಿಗೆ ಏನೂ ಬರೆಯೋದಿಲ್ಲ. ಇದು ನಮ್ಮ ಟೆಸ್ಟ್ ಲ್ಯಾಂಪ್ ಇದ್ದ ಹಾಗೆ.

ಅದರಲ್ಲಿ ಫೈಲ್ ಫೋಲ್ಡರ್ ತೆಗೆದು ವಿಂಡೋಸ್ ಡ್ರೈವ್ ಒತ್ತಿ ನೋಡಿ. ಫೋಟೋ ಕಾಣಿಸಿದರೆ ಸಾಕು, ಮೊದಲು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ರಿಪೇರಿ ಆಮೇಲೆ. ಅದೇ ಪೆನ್ ಡ್ರೈವಿನಲ್ಲಿ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ಇರುತ್ತದೆ, ಅದರ ಸ್ಮಾರ್ಟ್ ಮಾಹಿತಿ ನೋಡಿದರೆ ಡಿಸ್ಕ್ ನಿಜವಾಗಿ ಸಾಯುತ್ತಿದೆಯಾ, ಗಟ್ಟಿ ಇದೆಯಾ ಗೊತ್ತಾಗುತ್ತದೆ. ಅಂಗಡಿಯವರು ಹೇಳಿದ್ದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ಆದರೆ ಮೀಟರ್ ಹಚ್ಚಿ ನೋಡಿ ನಂಬಿ.

ಪದೇ ಪದೇ ಬರುವ ತೊಂದರೆಗಳು

ಈಗ ನನ್ನ ಮಂಚದ ಮೇಲೆ ಹೆಚ್ಚಾಗಿ ಬರುವ ತೊಂದರೆಗಳನ್ನು ಒಂದೊಂದಾಗಿ ಹೇಳ್ತೀನಿ. ಸ್ಕ್ರೀನಿನಲ್ಲಿ ಏನು ಕಾಣುತ್ತದೆ ಅನ್ನೋದರಿಂದಲೇ ಯಾವ ಮೆಟ್ಟಿಲು ಅಂತ ಗೊತ್ತಾಗುತ್ತದೆ. ಅದಕ್ಕೇ ಮೊದಲ ಕೆಲಸ, ಮೊಬೈಲಿನಲ್ಲಿ ಸ್ಕ್ರೀನಿನ ಫೋಟೋ ತೆಗೆಯೋದು.

ಒಂದು. ಗ್ರಬ್ ಪಟ್ಟಿ ಬರೋದೇ ಇಲ್ಲ, ಸೀದಾ ವಿಂಡೋಸಿಗೆ ಹೋಗುತ್ತದೆ. "ಲಿನಕ್ಸ್ ಅಳಿಸಿಹೋಯ್ತು" ಅಂತ ಬರ್ತಾರೆ. ಅಳಿಸಿರೋದಿಲ್ಲ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದಾಗ ಅಥವಾ ಬಯೋಸ್ ರಿಸೆಟ್ ಆದಾಗ ಪಟ್ಟಿಯಲ್ಲಿ ವಿಂಡೋಸ್ ಮೇಲಕ್ಕೆ ಬಂದಿರುತ್ತದೆ. ಬಯೋಸಿಗೆ ಹೋಗಿ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲೆ ತನ್ನಿ, ಮುಗೀತು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮಿಂಟ್ ಪೆನ್ ಡ್ರೈವಿನಲ್ಲಿ "ಬೂಟ್ ರಿಪೇರ್" ಅಂತ ಒಂದು ಪ್ರೋಗ್ರಾಂ ಮೆನುವಿನಲ್ಲೇ ಇದೆ. ಅದರಲ್ಲಿ ಶಿಫಾರಸು ಮಾಡಿದ ರಿಪೇರಿ ಅನ್ನೋ ಬಟನ್ ಒತ್ತಿದರೆ ಗ್ರಬ್ಬನ್ನು ಮತ್ತೆ ಕೂರಿಸುತ್ತದೆ.

ಎರಡು. ಗ್ರಬ್ ಪಟ್ಟಿ ಬರುತ್ತದೆ, ಆದರೆ ಅದರಲ್ಲಿ ವಿಂಡೋಸ್ ಹೆಸರಿಲ್ಲ. ಇದು ಉಲ್ಟಾ ತೊಂದರೆ. 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ಸಿಸ್ಟಮ್ ಯಾವುದಿದೆ ಅಂತ ಹುಡುಕುವ ಓಎಸ್ ಪ್ರೋಬರ್ ಅನ್ನೋ ಸಾಧನವನ್ನು ಭದ್ರತೆಗಾಗಿ ಮೊದಲಿನಿಂದಲೇ ಆಫ್ ಇಟ್ಟಿದ್ದಾರೆ. ಕೆಲವು ಲಿನಕ್ಸ್‌ಗಳು ಅದನ್ನು ತಾವೇ ಆನ್ ಮಾಡಿ ಕೊಡುತ್ತವೆ, ಕೆಲವು ಕೊಡೋದಿಲ್ಲ. ಲಿನಕ್ಸಿನೊಳಗೆ ಗ್ರಬ್ಬಿನ ಸೆಟ್ಟಿಂಗ್ ಫೈಲ್‌ನಲ್ಲಿ ಆ ಒಂದು ಸಾಲು ಬದಲಾಯಿಸಿ, ಗ್ರಬ್ ಅಪ್‌ಡೇಟ್ ಮಾಡಿದರೆ ವಿಂಡೋಸ್ ಮತ್ತೆ ಪಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಅವಸರ ಇದ್ದರೆ, ಆಗಲೇ ಹೇಳಿದ ಬೂಟ್ ಮೆನುವಿನಿಂದ ವಿಂಡೋಸಿಗೆ ಹೋಗಿ.

ಇನ್ನೊಂದು ಕಾರಣವೂ ಇದೆ. ವಿಂಡೋಸನ್ನು ಯುಇಎಫ್‌ಐ ರೀತಿಯಲ್ಲಿ ಹಾಕಿ, ಲಿನಕ್ಸನ್ನು ಹಳೇ ಬಯೋಸ್ ರೀತಿಯಲ್ಲಿ ಹಾಕಿದ್ದರೆ ಒಂದರ ಪಟ್ಟಿಯಿಂದ ಇನ್ನೊಂದಕ್ಕೆ ಹೋಗೋಕೆ ಆಗೋದಿಲ್ಲ. ಎರಡೂ ಒಂದೇ ರೀತಿ ಇರಬೇಕು. ಪೆನ್ ಡ್ರೈವಿನಿಂದ ಶುರು ಮಾಡುವಾಗ ಬೂಟ್ ಮೆನುವಿನಲ್ಲಿ ಅದರ ಹೆಸರಿನ ಮುಂದೆ ಯುಇಎಫ್‌ಐ ಅಂತ ಇರೋದನ್ನೇ ಆರಿಸಿದರೆ ಈ ರಗಳೆ ಇರೋದಿಲ್ಲ.

ಮೂರು. ಲಿನಕ್ಸಿನಲ್ಲಿ ವಿಂಡೋಸ್ ಡ್ರೈವ್ ತೆರೆಯುತ್ತದೆ, ಓದಬಹುದು, ಆದರೆ ಅದರೊಳಗೆ ಏನೂ ಉಳಿಸೋಕೆ ಬಿಡೋದಿಲ್ಲ. ಒಮ್ಮೊಮ್ಮೆ ತೆರೆಯೋದೇ ಇಲ್ಲ. ಎಲೆಕ್ಟ್ರಿಕಲ್ ಕೆಲಸದವರಿಗೆ ಇದು ಬೇಗ ಅರ್ಥ ಆಗುತ್ತದೆ. ಬ್ರೇಕರ್ ಆಫ್ ಮಾಡಿದ ತಕ್ಷಣ ಕೆಪಾಸಿಟರ್ ಮುಟ್ಟಬಾರದು, ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ, ಶಟ್ ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿರೋದಿಲ್ಲ. ಅರ್ಧ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗಿರುತ್ತದೆ. ಮಲಗಿರುವವರ ಪೆಟ್ಟಿಗೆಗೆ ಕೈ ಹಾಕಬಾರದು ಅಂತ ಲಿನಕ್ಸ್ ಸುಮ್ಮನಾಗುತ್ತದೆ, ಅದು ಒಳ್ಳೇದೇ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನೋ ಕಡೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಮುಂದಿನ ಗುರುತು ತೆಗೀರಿ. ಅದು ಬೇಡ ಅನ್ನೋರು ಲಿನಕ್ಸಿಗೆ ಹೋಗಬೇಕಾದಾಗ ಶಟ್ ಡೌನ್ ಬದಲು ರಿಸ್ಟಾರ್ಟ್ ಒತ್ತಿ. ರಿಸ್ಟಾರ್ಟಿನಲ್ಲಿ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ.

ನಾಲ್ಕು. ಗಡಿಯಾರ. ಲಿನಕ್ಸ್ ಬಳಸಿ ವಿಂಡೋಸಿಗೆ ಬಂದರೆ ಟೈಮ್ ನಾಲ್ಕು ಗಂಟೆ ಹಿಂದೆ ತೋರಿಸುತ್ತದೆ. ಬ್ಯಾಟರಿ ಹೋಗಿದೆ ಅಂತ ಬದಲಾಯಿಸಿದವರನ್ನೂ ನೋಡಿದ್ದೇನೆ. ಬ್ಯಾಟರಿ ಹೋಗಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ ಇಡುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ಸ್ಥಳೀಯ ಸಮಯ ಅಂತ ಓದುತ್ತದೆ. ದುಬೈ ಯುಟಿಸಿಗಿಂತ ನಾಲ್ಕು ಗಂಟೆ ಮುಂದೆ, ಹಾಗಾಗಿ ಇಲ್ಲಿ ನಾಲ್ಕು ಗಂಟೆ ವ್ಯತ್ಯಾಸ. ಸೌದಿ, ಕುವೈತ್, ಕತಾರಿನವರಿಗೆ ಮೂರು ಗಂಟೆ. ಊರಿಗೆ ಒಯ್ದರೆ ಐದೂವರೆ ಗಂಟೆ. ವ್ಯತ್ಯಾಸ ಸರಿಯಾಗಿ ಇಷ್ಟೇ ಇದ್ದರೆ ಕಾರಣ ಇದೇ ಅಂತ ತಿಳೀರಿ. ಲಿನಕ್ಸಿಗೆ "ನೀನೂ ಸ್ಥಳೀಯ ಸಮಯವನ್ನೇ ಇಟ್ಟುಕೋ" ಅಂತ ಒಂದು ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.

ಐದು. ಲಿನಕ್ಸ್ ಶುರು ಆಗುವಾಗಲೇ ಸೆಕ್ಯೂರ್ ಬೂಟ್ ತಡೆಯೋದು. ಸೆಕ್ಯೂರ್ ಬೂಟ್ ಅಂದರೆ ಗೇಟಿನ ಸೆಕ್ಯುರಿಟಿ. ಸಹಿ ಇರುವ ಪ್ರೋಗ್ರಾಂ ಮಾತ್ರ ಒಳಗೆ ಬಿಡುತ್ತದೆ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಷ್ಟೋ ಡ್ಯುಯಲ್ ಬೂಟ್ ಮಷಿನ್‌ಗಳಲ್ಲಿ ಲಿನಕ್ಸ್ ನಿಂತುಹೋಯಿತು. "ಸೆಕ್ಯುರಿಟಿ ಪಾಲಿಸಿ ವಯಲೇಷನ್" ಅಂತ ಬಂದು ಮಷಿನ್ ಆಫ್ ಆಗ್ತಿತ್ತು. ಹಳೇ, ದೋಷ ಇರುವ ಬೂಟ್ ಪ್ರೋಗ್ರಾಂಗಳ ಪಾಸ್ ರದ್ದು ಮಾಡಿದ್ದು ಅದಕ್ಕೆ ಕಾರಣ. ಇಂಥ ಹೊತ್ತಿನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿಗೆ ಹೋಗಿ, ಅದನ್ನು ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡೋದು ದಾರಿ.

ಆದರೆ ನಿಲ್ಲಿ. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಇನ್ನೊಂದು ವಿಷಯ ತಿಳಿದಿರಲೇಬೇಕು. ಇವತ್ತು ನಾನು ಇಲ್ಲಿ ನಿಂತಿರೋದೇ ಅದನ್ನು ಹೇಳೋಕೆ.

48 ಅಂಕಿಯ ಬೀಗದ ಕೈ

ಇಷ್ಟು ಹೊತ್ತು ನಾನು "ಫೈಲ್ ಹೋಗಿರೋದಿಲ್ಲ" ಅಂತಲೇ ಹೇಳಿದೆ. ಹೋಗುವ ಸಂದರ್ಭ ಒಂದಿದೆ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸಿನ ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ಬೀಗ ಇರುತ್ತದೆ. ಹೋಮ್ ಆವೃತ್ತಿಯಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಅಂತ ಹೆಸರು. ನೀವು ಹಾಕದೆ ಇದ್ದರೂ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಎಷ್ಟೋ ಮಷಿನ್‌ಗಳಲ್ಲಿ ತಾನಾಗಿಯೇ ಬೀಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಹೆಚ್ಚು ಮಷಿನ್‌ಗಳಿಗೆ ಬಂತು. ದಿನಾ ಬಳಸುವಾಗ ಬೀಗ ಇದೆ ಅಂತಲೇ ಗೊತ್ತಾಗೋದಿಲ್ಲ, ಯಾಕಂದ್ರೆ ಟಿಪಿಎಂ ಚಿಪ್ಪು ಪ್ರತಿ ಸಲ ತಾನೇ ಬೀಗ ತೆಗೆದು ಕೊಡುತ್ತದೆ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಬದಲಾಯಿಸಿದಿರೋ, ಚಿಪ್ಪಿಗೆ ಅನುಮಾನ ಬರುತ್ತದೆ. ನೀಲಿ ಸ್ಕ್ರೀನಿನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು.

ಮಂಗಳೂರು ಕಡೆಯ ಎಸಿ ಟೆಕ್ನಿಷಿಯನ್ ಒಬ್ಬರು ಬಂದರು. "ಮಾರಾಯ್ರೆ, ಇದೊಂದು ನೋಡಿ, ಏನೋ ನಂಬರ್ ಕೇಳ್ತದೆ," ಅಂತ ಲ್ಯಾಪ್‌ಟಾಪ್ ಕೊಟ್ಟರು. ಲಿನಕ್ಸ್ ಹಾಕಿಕೊಡ್ತೀನಿ ಅಂತ ಅವರ ಪರಿಚಯದವರು ಯಾರೋ ಸೆಕ್ಯೂರ್ ಬೂಟ್ ಆಫ್ ಮಾಡಿದ್ದಾರೆ. ಕೀ ಕೇಳಿದೆ. ಅಲ್ಲಿಗೆ ನಿಲ್ಲಿಸಿ ಸೆಕ್ಯೂರ್ ಬೂಟ್ ಮೊದಲಿದ್ದ ಹಾಗೇ ಆನ್ ಮಾಡಿದ್ದರೆ ಬಹುಶಃ ತಾನಾಗಿ ತೆರೆದುಕೊಳ್ತಿತ್ತು. ಗಾಬರಿಯಲ್ಲಿ ಬಯೋಸಿನಲ್ಲಿ ಕಂಡ "ಕ್ಲಿಯರ್ ಟಿಪಿಎಂ" ಒತ್ತಿಬಿಟ್ಟಿದ್ದಾರೆ. ಚಿಪ್ಪಿನಲ್ಲಿದ್ದ ಕೀ ಅಲ್ಲಿಗೆ ಹೋಯ್ತು. ಉಳಿದದ್ದು 48 ಅಂಕಿ ಒಂದೇ.

ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ, ಲಾಗಿನ್ ಆಗಿ ನೋಡೋಣ ಅಂದೆ. "ಅಕೌಂಟ್ ನಂದಲ್ಲ, ಲ್ಯಾಪ್‌ಟಾಪ್ ತಗೊಂಡ ಅಂಗಡಿಯವರೇ ಅವರ ಇಮೇಲ್ ಹಾಕಿ ರೆಡಿ ಮಾಡಿ ಕೊಟ್ಟದ್ದು," ಅಂದರು. ಇಬ್ಬರೂ ಸೇರಿ ಆ ಅಂಗಡಿ ಹುಡುಕಿಕೊಂಡು ಹೋದೆವು. ಆ ಜಾಗದಲ್ಲಿ ಈಗ ಬೇರೆ ಅಂಗಡಿ ಇದೆ. ಮೊದಲಿನವರು ಮುಚ್ಚಿಕೊಂಡು ಊರಿಗೆ ಹೋಗಿಯಾಗಿದೆ.

ಮಿಂಟ್ ಪೆನ್ ಡ್ರೈವ್ ಹಾಕಿ ನೋಡಿದೆ. ಡ್ರೈವ್ ಕಾಣುತ್ತದೆ, ಒತ್ತಿದರೆ ಅಲ್ಲಿಯೂ ಅದೇ ಕೀ ಕೇಳುತ್ತದೆ. ಡಿಸ್ಕ್ ಗಟ್ಟಿಯಾಗಿದೆ, ಒಂದು ಫೈಲೂ ಕೆಟ್ಟಿಲ್ಲ, ಆದರೆ ಕೀ ಇಲ್ಲದೆ ತೆಗೆಯೋ ದಾರಿ ಲೋಕದಲ್ಲಿ ಯಾರ ಹತ್ತಿರವೂ ಇಲ್ಲ. ಕಳ್ಳನಿಗೂ ಸಿಗಬಾರದು ಅಂತ ಮಾಡಿದ ಬೀಗ ಅದು, ಯಜಮಾನನಿಗೂ ಸಿಗಲಿಲ್ಲ. ಅದರೊಳಗೆ ಅವರ ತಂದೆಯ ಕೊನೇ ವರ್ಷದ ವಿಡಿಯೋಗಳಿದ್ದವು. ಮೊಬೈಲ್ ತುಂಬಿತು ಅಂತ ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲಿನಿಂದ ಅಳಿಸಿದ್ದರು.

ಆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಕೊಡಿ ಅಂತ ಕೊನೆಗೆ ಅವರೇ ಹೇಳಿದರು. ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ, ಎಂದಾದರೂ ಆ ಅಂಗಡಿಯವರು ಸಿಕ್ಕಾರು ಅಂತ ಹೇಳಿ ಹೊಸ ಡಿಸ್ಕ್ ಹಾಕಿಕೊಟ್ಟೆ. ಹಳೇ ಡಿಸ್ಕ್ ಈಗಲೂ ಅವರ ಪೆಟ್ಟಿಗೆಯಲ್ಲಿದೆ.

ಮುಟ್ಟುವ ಮೊದಲು ಮಾಡಬೇಕಾದ್ದು

ಸೈಟಿನಲ್ಲಿ ಪ್ಯಾನಲ್ ತೆರೆಯುವ ಮೊದಲು ಲಾಕ್ ಔಟ್, ಟ್ಯಾಗ್ ಔಟ್ ಮಾಡ್ತೀವಿ. ಸೇಫ್ಟಿ ಆಫೀಸರ್ ಬೈತಾನೆ ಅಂತಲ್ಲ, ನಮ್ಮ ಜೀವ ಉಳೀಲಿ ಅಂತ. ಹಾಗೇ ಎರಡು ಸಿಸ್ಟಮ್ ಹಾಕುವ ಮೊದಲು, ಬಯೋಸ್ ಮುಟ್ಟುವ ಮೊದಲು ಇಷ್ಟು ಮಾಡಿ.

ಲ್ಯಾಪ್‌ಟಾಪ್ ಯಾರ ಅಕೌಂಟಿನಲ್ಲಿದೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಒತ್ತಿದರೆ ಇಮೇಲ್ ಕಾಣುತ್ತದೆ. ಅದು ನಿಮ್ಮದಲ್ಲದಿದ್ದರೆ, ಮಷಿನ್ ಚೆನ್ನಾಗಿ ಓಡ್ತಾ ಇರುವಾಗಲೇ ನಿಮ್ಮದಕ್ಕೆ ಬದಲಾಯಿಸಿ.

ಡಿಸ್ಕಿಗೆ ಬೀಗ ಇದೆಯಾ ನೋಡಿ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಅಂತ ಹಾಕಿದರೆ ಗೊತ್ತಾಗುತ್ತದೆ. ಇದ್ದರೆ, "ರಿಕವರಿ ಕೀ ಬ್ಯಾಕಪ್" ಒತ್ತಿ ಆ 48 ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಪ್ರತಿ ನಿಮ್ಮ ಕಾಗದಪತ್ರದ ಜೊತೆ, ಇನ್ನೊಂದು ಊರಲ್ಲಿ ಮನೆಯವರ ಹತ್ತಿರ. ಅದೇ ಲ್ಯಾಪ್‌ಟಾಪಿನೊಳಗೆ ಉಳಿಸಿದರೆ, ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಬಯೋಸ್ ಬದಲಾವಣೆ ಮಾಡುವ ದಿನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಹೋಮ್ ಆವೃತ್ತಿಯಲ್ಲಿ ಆ ಬಟನ್ ಕಾಣದಿದ್ದರೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯೋ ತನಕ ಕಾಯಿರಿ. ಯಾವ ಸೆಟ್ಟಿಂಗ್ ಬದಲಾಯಿಸಿದರೂ ಮೊದಲು ಅದರ ಫೋಟೋ ತೆಗೆದುಕೊಳ್ಳಿ, ವಾಪಸ್ ಇಡೋಕೆ ಬೇಕಾಗುತ್ತದೆ. "ಕ್ಲಿಯರ್ ಟಿಪಿಎಂ" ಅನ್ನೋದನ್ನು ಮಾತ್ರ ಕೈಯಿಂದ ಮುಟ್ಟಬೇಡಿ.

ಮುಖ್ಯವಾದ ಫೈಲ್‌ಗಳ ನಕಲು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇರಲಿ, ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಬೇರೆ ಇಡಿ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ, ಈ ಕ್ರಮದಲ್ಲೇ ಹಾಕಿ. ಲಿನಕ್ಸಿಗೆ ಜಾಗ ಮಾಡೋಕೆ ವಿಂಡೋಸಿನ ಪಾರ್ಟಿಷನ್ನನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಚಿಕ್ಕದು ಮಾಡಿ. ಲಿನಕ್ಸ್ ಬೇಡ ಅನ್ನಿಸಿ ತೆಗೆಯೋದಾದರೆ, ಮೊದಲು ಬೂಟ್ ಕ್ರಮದಲ್ಲಿ ವಿಂಡೋಸ್ ಮೇಲೆ ಇಟ್ಟು, ಅದು ಸೀದಾ ಶುರು ಆಗ್ತಿದೆ ಅಂತ ನೋಡಿಕೊಂಡು ಆಮೇಲೆ ಪಾರ್ಟಿಷನ್ ಅಳಿಸಿ. ಗದಗದ ಅಣ್ಣ ಈಗ ತಮ್ಮ ರೂಮಿಗೆ ಬಂದವರಿಗೆಲ್ಲಾ ಇದನ್ನೇ ಹೇಳ್ತಾರೆ.

ಅಂಗಡಿಗೆ ಒಯ್ಯಲೇಬೇಕಾದರೆ ಒಯ್ಯಿರಿ, ಎಲ್ಲರೂ ಮೋಸದವರಲ್ಲ, ಒಳ್ಳೇ ಕೈ ಇರುವವರೂ ಇದ್ದಾರೆ. ಆದರೆ ಎರಡು ಮಾತು ಹೇಳಿ ಕೊಡಿ. "ಇದರಲ್ಲಿ ಎರಡು ಸಿಸ್ಟಮ್ ಇದೆ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ." ಇಷ್ಟು ಹೇಳಿದರೆ ಅವರೂ ಸ್ವಲ್ಪ ನಿಂತು ನೋಡ್ತಾರೆ.

ನಮ್ಮಂಥವರಿಗೆ ಲ್ಯಾಪ್‌ಟಾಪ್ ಅಂದ್ರೆ ಬರೀ ಯಂತ್ರ ಅಲ್ಲ. ಹೋಗೋಕೆ ಆಗದ ಮದುವೆ, ತೊಟ್ಟಿಲು, ತಿಥಿ ಎಲ್ಲಾ ಅದರೊಳಗೇ ಇರ್ತದೆ. ಬರೋ ಶುಕ್ರವಾರ ಸಂಜೆ ನಮ್ಮ ಬಳಗದ ಕೆಲವು ಹುಡುಗರು ಮತ್ತು ನಾನು ಇದೇ ಹಾಲಿನಲ್ಲಿ ಎರಡು ಪೆನ್ ಡ್ರೈವ್ ಇಟ್ಟುಕೊಂಡು ಕೂತಿರ್ತೀವಿ. ನಿಮ್ಮ ಲ್ಯಾಪ್‌ಟಾಪ್, ಚಾರ್ಜರ್, ಒಂದು ಬರೆಯುವ ಪುಸ್ತಕ ತನ್ನಿ. ಏನೂ ಕೆಟ್ಟಿರಬೇಕಂತಿಲ್ಲ, ಕೆಡದೆ ಇರುವಾಗಲೇ ಬನ್ನಿ. 48 ಅಂಕಿ ಬರೆದುಕೊಳ್ಳೋಕೆ ಐದು ನಿಮಿಷ ಸಾಕು.